ಬೂದಕ್ಕನ ಬಾಯಲ್ಲಿ ಏನಿತ್ತು?

ಹೊಸ ಕುದುರೆ ಮನೆಗೆ ಬಂದು ಹನ್ನೊಂದು ದಿನವಾಗಿತ್ತು. ಒಂದು ದಿನವೂ ಅದು ಗಾಡಿ ಎಳೆದಿರಲಿಲ್ಲ.

ಬೂದಿ ಬಣ್ಣದ ಹೆಣ್ಣು ಕುದುರೆ, ಐದು ವರ್ಷದ್ದು. ಅಜ್ಜಿ ಮೊದಲ ದಿನವೇ ಅದಕ್ಕೆ ಬೂದಕ್ಕ ಎಂದು ಹೆಸರಿಟ್ಟಿದ್ದಳು. ಬೂದಕ್ಕ ಮೈ ಉಜ್ಜಿಸಿಕೊಳ್ಳುತ್ತಿತ್ತು. ಗೊರಸು ನೋಡಬೇಕೆಂದರೆ ಕಾಲೆತ್ತಿ ಕೊಡುತ್ತಿತ್ತು. ಆದರೆ ಕಡಿವಾಣ ಕಂಡರೆ ಮುಗಿಯಿತು. ತಲೆಯನ್ನು ಮೇಲಕ್ಕೆತ್ತಿ, ಹಿಂದೆ ಹಿಂದೆ ಸರಿದು, ಲಾಯದ ಗೋಡೆಗೆ ಅಂಟಿಕೊಂಡುಬಿಡುತ್ತಿತ್ತು. ಹೇಗೋ ಬಾಯಿಗೆ ತುರುಕಿ ಲಗಾಮು ಎಳೆದರೆ ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿತ್ತು. ಒಂದು ಸಲವಂತೂ ಗಾಡಿಯ ಮೂಕಿಯನ್ನೇ ಮುರಿದು ಹಾಕಿತು.

ಆ ಮನೆಗೆ ಗಾಡಿಯೇ ಅನ್ನ. ತರಕಾರಿ ಮಂಡಿಯಿಂದ ಮೇಲಿನ ಓಣಿಗಳ ಅಂಗಡಿಗಳಿಗೆ ದಿನಾ ಬೆಳಗ್ಗೆ ಕ್ರೇಟು ಹೊರಬೇಕು. ಆ ಓಣಿಗಳಿಗೆ ಲಾರಿ ನುಗ್ಗುವುದಿಲ್ಲ, ಕುದುರೆಗಾಡಿಯೇ ಆಗಬೇಕು. ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ. ಹಾಗಾಗಿ ಗಾಡಿ ಹೊಡೆಯುವವಳು ಸೊಸೆ. ಹಳೆಯ ಕುದುರೆಯ ಮೊಣಕಾಲು ಕೈಕೊಟ್ಟ ಮೇಲೆ ಮಂಡಿಯವರು ಬೇರೆ ಗಾಡಿ ಗೊತ್ತು ಮಾಡಿಕೊಂಡಿದ್ದರು. "ಈ ತಿಂಗಳ ಕೊನೆ ತನಕ ಕಾಯ್ತೀವಮ್ಮ. ಆಮೇಲೆ ಆ ಕೆಲಸ ಅವರಿಗೇ ಹೋಗುತ್ತೆ" ಎಂದು ಹೇಳಿದ್ದರು.

ಸೊಸೆಯ ಮಾವನನ್ನು ಇಡೀ ಬೀದಿ ಲಗಾಮು ತಾತ ಎಂದು ಕರೆಯುತ್ತಿತ್ತು. ಅರವತ್ತೆಂಟು ವಯಸ್ಸು. ನಲವತ್ತು ವರ್ಷ ಕುದುರೆ ಪಳಗಿಸಿದ ಕೈ. ಹತ್ತಾರು ಮೈಲಿಯಿಂದ ಜನ ಹಠಮಾರಿ ಕುದುರೆಗಳನ್ನು ತಾತನ ಹತ್ತಿರ ತರುತ್ತಿದ್ದರು. ಮೂರು ದಿನ ಬಿಟ್ಟು ಬಂದರೆ ಕುದುರೆ ಕಲ್ಲಿನ ಹಾಗೆ ನಿಂತಿರುತ್ತಿತ್ತು. ತಾತನಿಗೆ ಅದೇ ಹೆಮ್ಮೆ, ಅದೇ ಹೆಸರು. ಎಡಗೈಯ ಎರಡು ಬೆರಳು ಇಲ್ಲದಿದ್ದರೂ ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಹನ್ನೊಂದನೆಯ ದಿನ ಸಂಜೆ ತಾತ ಲಾಯಕ್ಕೆ ಬಂದು ನೀರಿನ ಬಕೆಟ್ ಎತ್ತಿಕೊಂಡು ಹೊರಟ.

"ಮಾವ, ಅದಿನ್ನೂ ಕುಡಿದಿಲ್ಲ" ಎಂದಳು ಸೊಸೆ.

"ಕುಡೀಬಾರದು ಅಂತಲೇ ತಗೊಂಡು ಹೋಗ್ತಿರೋದು. ಇವತ್ತು ನೀರಿಲ್ಲ. ನಾಳೆ ಮುಂಗಾಲು ಕಟ್ಟಿ ನೆಲಕ್ಕೆ ಕೆಡವ್ತೀನಿ. ಯಾರು ಯಜಮಾನ ಅಂತ ಒಂದು ಸಲ ಗೊತ್ತಾಗ್ಲಿ. ನಾಡಿದ್ದು ನೀನೇ ಹೂಡ್ಕೊಂಡು ಮಂಡಿಗೆ ಹೋಗು."

ಅಡುಗೆಮನೆಯ ಕಿಟಕಿಯಿಂದ ಅಜ್ಜಿಯ ದನಿ ಬಂತು. "ನಿಮಗೆ ಬೆಳಗ್ಗೆ ಟೀ ಹತ್ತು ನಿಮಿಷ ತಡವಾದ್ರೆ ಮನೆ ತಲೆ ಮೇಲೆ ಹೊತ್ಕೊಂಡು ಕುಣೀತೀರಿ. ಆ ಮೂಕ ಪ್ರಾಣಿ ರಾತ್ರಿಯೆಲ್ಲ ಬಾಯಾರಿ ನಿಂತಿರಬೇಕಾ?"

"ನಿನಗೆ ಕುದುರೆ ವಿಷಯ ಗೊತ್ತಾಗಲ್ಲ ಸುಮ್ನಿರು."

"ಕುದುರೆ ವಿಷಯ ಗೊತ್ತಿಲ್ದೇ ಇರಬಹುದು, ಬಾಯಾರಿಕೆ ವಿಷಯ ಗೊತ್ತು" ಎಂದು ಅಜ್ಜಿ ಕಿಟಕಿ ಮುಚ್ಚಿಕೊಂಡಳು.

ಮಾರನೆಯ ದಿನ ಬೆಳಗ್ಗೆ ಸೊಸೆ ಲಾಯ ಗುಡಿಸುತ್ತಿದ್ದಳು. ಪೊರಕೆಗೆ ಏನೋ ಉಂಡೆಗಳು ಸಿಕ್ಕವು. ಬಾಗಿ ನೋಡಿದಳು. ಹುಲ್ಲಿನ ಉಂಡೆಗಳು. ಅರ್ಧ ಅಗಿದು ಉಗಿದಂತಿದ್ದವು. ಒಂದಲ್ಲ ಎರಡಲ್ಲ, ಹದಿನೈದು ಇಪ್ಪತ್ತಿದ್ದವು. ಒಂದರಲ್ಲಿ ಸಣ್ಣಗೆ ಕೆಂಪು ಎಳೆ. ರಕ್ತ.

ಹಳೆಯ ಕುದುರೆ ಎಂದೂ ಹೀಗೆ ಉಗಿದದ್ದನ್ನು ಅವಳು ಕಂಡಿರಲಿಲ್ಲ. ಮಾವನಿಗೆ ಹೇಳಿದರೆ "ಸೊಕ್ಕು, ಮೇವು ಚೆಲ್ಲಾಡುತ್ತೆ" ಎನ್ನುತ್ತಾನೆಂದು ಗೊತ್ತಿತ್ತು. ಅವಳು ನಾಲ್ಕು ಉಂಡೆಗಳನ್ನು ಕಾಗದದಲ್ಲಿ ಸುತ್ತಿಕೊಂಡು, ಸೈಕಲ್ ಹತ್ತಿ, ಸೀದಾ ಪಶು ಆಸ್ಪತ್ರೆಗೆ ಹೋದಳು.

ಆಸ್ಪತ್ರೆಯ ಡಾಕ್ಟರಮ್ಮ ಕಾಗದ ಬಿಚ್ಚಿ ನೋಡಿದವಳೇ ಚೀಲ ಹೆಗಲಿಗೇರಿಸಿದಳು. "ನಡಿ, ಈಗಲೇ ನೋಡೋಣ."

ಅವರು ಬರುವಷ್ಟರಲ್ಲಿ ಲಗಾಮು ತಾತ ಕೆಲಸ ಶುರು ಮಾಡಿಯಾಗಿತ್ತು. ಬೂದಕ್ಕನ ಒಂದು ಮುಂಗಾಲನ್ನು ಮಡಿಸಿ ಪಟ್ಟಿಯಿಂದ ಬಿಗಿದಿದ್ದ. ಕುದುರೆ ಮೂರು ಕಾಲ ಮೇಲೆ ನಿಂತಿತ್ತು. ಬಾಯಲ್ಲಿ ತಿರುಚಿದ ತಂತಿಯ ಕಡಿವಾಣ. ಅಂಗಳದ ಗೇಟಿಗೆ ಒರಗಿಕೊಂಡು ಪಕ್ಕದ ಮನೆಯ ಲಾಳದವನು ನೋಡುತ್ತಿದ್ದ. ಕುದುರೆಗಳಿಗೆ ಲಾಳ ಹೊಡೆಯುವ ಅವನು ತಾತನ ಹಳೆಯ ಗೆಳೆಯ.

"ಬನ್ನಿ ಡಾಕ್ಟರಮ್ಮ" ಎಂದ ತಾತ, ಸೊಸೆಯ ಕಡೆ ಕಣ್ಣು ಕೆಂಪಗೆ ಮಾಡಿ. "ಸರಿಯಾದ ಹೊತ್ತಿಗೇ ಬಂದಿದ್ದೀರಿ. ಎರಡು ಸಲ ಹಗ್ಗ ಎಳೆದೆ ಅಷ್ಟೇ. ನೋಡಿ, ಹೇಗೆ ಸುಮ್ಮನೆ ನಿಂತಿದೆ. ಅರ್ಧ ಪಾಠ ಆಗಲೇ ಮುಗೀತು."

ನಿಜ. ಬೂದಕ್ಕ ಅಲುಗಾಡುತ್ತಿರಲಿಲ್ಲ. ಕಿವಿ ಜೋತುಬಿದ್ದಿದ್ದವು. ಕಣ್ಣು ಎಲ್ಲೋ ನೆಟ್ಟಿತ್ತು.

ಡಾಕ್ಟರಮ್ಮ ಜಗಳಕ್ಕೆ ಇಳಿಯಲಿಲ್ಲ. ಮೆಲ್ಲಗೆ ಹೋಗಿ ಕುದುರೆಯ ಎಡ ಮುಂಗಾಲಿನ ಹಿಂದೆ, ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು, ಕೈಗಡಿಯಾರ ನೋಡಿದಳು. ಆಮೇಲೆ ಅದನ್ನು ಕಿವಿಯಿಂದ ತೆಗೆದು ತಾತನ ಮುಂದೆ ಹಿಡಿದಳು.

"ತಾತ, ನೀವೇ ಕೇಳಿ."

"ನನಗ್ಯಾಕಮ್ಮ ಅದು?"

"ನಲವತ್ತು ವರ್ಷ ಕುದುರೆ ಹೊರಗಿನಿಂದ ನೋಡಿದ್ದೀರಿ. ಒಂದೇ ಒಂದು ನಿಮಿಷ ಒಳಗಿನಿಂದ ಕೇಳಿ."

ಲಾಳದವನು ನಕ್ಕ. ತಾತನೂ ನಗುತ್ತಲೇ ಅದನ್ನು ಕಿವಿಗೆ ಸಿಕ್ಕಿಸಿಕೊಂಡ. ಮರುಕ್ಷಣ ಅವನ ನಗೆ ನಿಂತಿತು.

ಒಳಗೆ ಕುದುರೆ ಓಡುತ್ತಿತ್ತು. ಅವನಿಗೆ ಹಾಗೇ ಅನ್ನಿಸಿತು. ಯಾವುದೋ ಬಯಲಲ್ಲಿ ಹುಲಿ ಬೆನ್ನಟ್ಟಿದ ಹಾಗೆ, ಎಡೆಬಿಡದ ಗೊರಸಿನ ಸದ್ದು. ಕಣ್ಣೆದುರಿಗೆ ನಿಂತ ಕುದುರೆ ಮಾತ್ರ ಕಲ್ಲು.

"ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ ಮೂವತ್ತೈದು, ನಲವತ್ತು ಬಡಿತ ಇರಬೇಕು" ಎಂದಳು ಡಾಕ್ಟರಮ್ಮ. "ಇದಕ್ಕೆ ನೂರಾ ಹತ್ತು. ತಾತ, ಇದು ಪಾಠ ಕಲಿತಿಲ್ಲ. ಓಡೋಕೆ ದಾರಿಯಿಲ್ಲ ಅಂತ ಗೊತ್ತಾಗಿ ಕೈಚೆಲ್ಲಿದೆ ಅಷ್ಟೇ."

ತಾತ ಸ್ಟೆತಸ್ಕೋಪಿನ ಬಿಲ್ಲೆಯನ್ನು ಇನ್ನಷ್ಟು ಒತ್ತಿ ಹಿಡಿದ.

"ಪಟ್ಟಿ ಬಿಚ್ಚಲಾ ಮಾವ?" ಸೊಸೆ ಕೇಳಿದಳು.

ತಾತ ಹೂಂ ಎಂದು ತಲೆಯಾಡಿಸಿದ. ಅವಳು ಪಟ್ಟಿ ಬಿಚ್ಚಿದಳು, ಕಡಿವಾಣ ತೆಗೆದಳು, ಹಗ್ಗವನ್ನು ದೂರ ಎಸೆದಳು. ಕತ್ತು ಬೆನ್ನಿಗೆ ಸೇರುವ ಉಬ್ಬಿನಲ್ಲಿ ಬೆರಳಾಡಿಸಿ ಕೆರೆಯತೊಡಗಿದಳು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ತಾತನ ಕಿವಿಯಲ್ಲಿ ಸ್ಟೆತಸ್ಕೋಪು ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಓಟ ನಿಧಾನವಾಯಿತು. ಎರಡು ಬಡಿತಗಳ ನಡುವೆ ಜಾಗ ಹುಟ್ಟಿತು. ಬೂದಕ್ಕ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟಿತು.

ಅಷ್ಟರಲ್ಲಿ ಯಾರೂ ಹೇಳದೆಯೇ ಅಜ್ಜಿ ನೀರಿನ ಬಕೆಟ್ ತಂದಿಟ್ಟಿದ್ದಳು. ಕುದುರೆ ತಲೆ ಎತ್ತದೆ ಕುಡಿಯಿತು. ಒಂದೇ ಸಲ ಬೇಡ, ನಡುವೆ ಬಿಟ್ಟು ಕೊಡಿ ಎಂದು ಹೇಳಿ ಡಾಕ್ಟರಮ್ಮ ಇನ್ನೊಂದು ಬಕೆಟ್ ತರಿಸಿದಳು. ನೀರು ಇಳಿಯುವುದನ್ನು ತಾತ ನೋಡುತ್ತ ನಿಂತ. ಅಜ್ಜಿ ಗಂಡನ ಮುಖ ನೋಡಿ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

ಆಮೇಲೆ ಡಾಕ್ಟರಮ್ಮ ಮಂಪರಿನ ಚುಚ್ಚುಮದ್ದು ಕೊಟ್ಟು, ಬಾಯಿ ಅಗಲಿಸುವ ಚೌಕಟ್ಟು ಹಾಕಿ, ಬ್ಯಾಟರಿ ಬಿಟ್ಟಳು.

"ಇಲ್ಲಿ ನೋಡಿ ತಾತ."

ಮುಂದಿನ ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುವುದರಲ್ಲಿ ತಾತ ಊರಿಗೇ ಒಬ್ಬ. ಆದರೆ ಹಿಂದಿನ ದವಡೆ ಹಲ್ಲುಗಳನ್ನು ಎಂದೂ ನೋಡಿರಲಿಲ್ಲ. ಈಗ ನೋಡಿದ. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಒಡೆದ ಗಾಜಿನ ಹಾಗೆ ಚೂಪಾಗಿತ್ತು. ಅದಕ್ಕೆ ತಾಗುವ ಕಡೆ ಕೆನ್ನೆಯ ಒಳಭಾಗ ಹುಣ್ಣು. ಎರಡೂ ಕಡೆ. ನಾಲಿಗೆಯ ಮೇಲೆ ತಂತಿ ಕಡಿವಾಣ ಕೊರೆದ ಹಸಿ ಗೆರೆ.

"ಕುದುರೆ ಹಲ್ಲು ಬೆಳೀತಾನೇ ಇರುತ್ತೆ. ಸವೆತ ಸರಿಯಾಗಿ ಆಗದಿದ್ರೆ ಹೀಗೆ ಚೂಪಾಗುತ್ತೆ" ಎಂದಳು ಡಾಕ್ಟರಮ್ಮ. "ಕಡಿವಾಣ ಎಳೆದಾಗಲೆಲ್ಲ ಕೆನ್ನೆ ಆ ಹಲ್ಲಿಗೆ ಒತ್ತುತ್ತೆ. ಅದಕ್ಕೇ ತಲೆ ಎತ್ತೋದು, ಅದಕ್ಕೇ ಹಿಂಗಾಲ ಮೇಲೆ ಏಳೋದು. ಪಾಪ, ಹನ್ನೊಂದು ದಿನದಿಂದ ತನಗೆ ಗೊತ್ತಿರೋ ಭಾಷೇಲಿ ಹೇಳ್ತಾನೇ ಇದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದರಂತೆ" ಎಂದಳು ಅಜ್ಜಿ, ಇನ್ನು ತಡೆಯಲಾರದೆ. "ಇಲ್ಲಿ ಎತ್ತೂ ಅದೇ, ಎಮ್ಮೆಯೂ ಅದೇ. ನೋವೂ ಅದಕ್ಕೆ, ಬರೆಯೂ ಅದಕ್ಕೆ."

ಡಾಕ್ಟರಮ್ಮ ಉದ್ದನೆಯ ಅರದಿಂದ ಹಲ್ಲಿನ ಚೂಪು ತೆಗೆದಳು. ಅರ್ಧ ಗಂಟೆ ಹಿಡಿಯಿತು. ಹುಣ್ಣು ಮಾಯುವ ತನಕ ಹತ್ತು ದಿನ ಬಾಯಿಗೆ ಏನೂ ಹಾಕಬೇಡಿ ಎಂದಳು. ಆ ತಂತಿ ಕಡಿವಾಣವನ್ನಂತೂ ಮತ್ತೆ ಮುಟ್ಟಲೇಬೇಡಿ ಎಂದಳು.

ಲಾಳದವನು ಒಪ್ಪಲಿಲ್ಲ. "ಹಲ್ಲಿನ ಕಥೆ ಸರಿ ಡಾಕ್ಟರಮ್ಮ. ಆದ್ರೆ ನಮ್ಮ ಲಗಾಮಣ್ಣ ನೂರಾರು ಕುದುರೆ ಕೆಡವಿದ್ದಾನೆ. ಎಲ್ಲಾ ದುಡಿದ್ವಲ್ಲ? ಭಯ ಇಲ್ಲದಿದ್ರೆ ಭಕ್ತಿ ಎಲ್ಲಿಂದ ಬರುತ್ತೆ?"

ಡಾಕ್ಟರಮ್ಮ ಉತ್ತರ ಕೊಡುವ ಮೊದಲೇ ತಾತ ಬಾಯಿ ಬಿಟ್ಟ. ತನ್ನ ಎಡಗೈಯನ್ನೇ ನೋಡಿಕೊಳ್ಳುತ್ತ ಮಾತಾಡಿದ.

"ಒಂದು ಕರೀ ಕುದುರೆ ಇತ್ತು. ನನ್ನ ಕೈಯಲ್ಲಿ ಪಳಗಿದ ಕುದುರೆಗಳಲ್ಲೇ ಒಳ್ಳೇದು ಅಂತಿದ್ದೆ. ಹದಿನಾಲ್ಕು ತಿಂಗಳು ಒಂದು ಸಲ ಕಿವಿ ಅಲ್ಲಾಡಿಸಲಿಲ್ಲ. ಒಂದು ದಿನ ಯಾರೋ ಪಕ್ಕದಲ್ಲಿ ಕೊಡೆ ಬಿಚ್ಚಿದ್ರು, ಅಷ್ಟೇ. ಹುಚ್ಚು ಹಿಡಿದ ಹಾಗೆ ನುಗ್ಗಿತು. ಹಗ್ಗ ನನ್ನ ಕೈಗೆ ಸುತ್ತಿಕೊಂಡಿತ್ತು. ಎರಡು ಬೆರಳು ಹೋಯ್ತು. ಉಂಡ ಮನೆಗೆ ಎರಡು ಬಗೆದ ಪ್ರಾಣಿ ಅಂತ ಇವತ್ತಿನ ತನಕ ಬೈಕೊಂಡು ಬಂದಿದ್ದೀನಿ."

ಅವನು ಬೂದಕ್ಕನ ಕಡೆ ತಿರುಗಿದ.

"ಅದರ ಎದೆ ಹದಿನಾಲ್ಕು ತಿಂಗಳೂ ಹೀಗೇ ಓಡ್ತಿತ್ತೇನೋ ಡಾಕ್ಟರಮ್ಮ."

ಡಾಕ್ಟರಮ್ಮ ಅರ ಒರೆಸಿ ಚೀಲಕ್ಕೆ ಹಾಕಿದಳು. "ನಿಮಗೂ ಹಾಗೇ ಕಲಿಸಿದ್ರು, ನೀವೂ ಹಾಗೇ ಮಾಡಿದ್ರಿ ತಾತ. ಆಗ ಹೇಳೋರು ಯಾರಿದ್ರು?" ಎಂದಳು. "ಆದ್ರೆ ಒಂದು ಮಾತು. ನಿಮ್ಮಂಥ ಕೈ ನನಗೆ ಸಿಗಲ್ಲ. ಹಗ್ಗ ಎಷ್ಟು ಎಳೀಬೇಕು, ಯಾವಾಗ ಎಳೀಬೇಕು ಅನ್ನೋದು ನಿಮ್ಮ ಕೈಗೆ ಗೊತ್ತು. ಯಾವಾಗ ಬಿಡಬೇಕು ಅನ್ನೋದೊಂದು ಕಲಿತುಬಿಡಿ. ಕುದುರೆ ಕಲಿಯೋದು ನಾವು ಎಳೆದಾಗ ಅಲ್ಲ, ಬಿಟ್ಟಾಗ."

ಅಂದು ಮಧ್ಯಾಹ್ನ ತಾತ ಲಾಯದ ಮೆಟ್ಟಿಲ ಮೇಲೆ ಕೂತವನು ಊಟಕ್ಕೂ ಏಳಲಿಲ್ಲ. ಸೊಸೆ ತಟ್ಟೆಯನ್ನು ಅಲ್ಲಿಗೇ ತಂದಳು.

"ಕೋಪ ಬಂತಾ ಮಾವ, ನಿಮ್ಮನ್ನ ಕೇಳದೆ ಡಾಕ್ಟರಮ್ಮನ್ನ ಕರ್ಕೊಂಡು ಬಂದೆ ಅಂತ?"

"ಬಂದಿತ್ತು" ಎಂದ ತಾತ. "ಈಗ ಇಲ್ಲ. ನೀನು ಅರ್ಧ ಗಂಟೆ ತಡ ಮಾಡಿದ್ದಿದ್ರೆ ನಾನು ಅದನ್ನ ಕೆಡವಿಬಿಡ್ತಿದ್ದೆ. ಬಾಯಲ್ಲಿ ಹುಣ್ಣಿಟ್ಕೊಂಡಿರೋ ಪ್ರಾಣೀನ." ಅವನು ತಲೆ ಎತ್ತಿ ಸೊಸೆಯನ್ನು ನೋಡಿದ. "ಒಳ್ಳೇ ಕೆಲಸ ಮಾಡ್ದೆ ಮಗಳೇ."

ಮದುವೆಯಾಗಿ ಎಂಟು ವರ್ಷದಲ್ಲಿ ಮಾವ ಅವಳನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು. ಅವಳು ತಟ್ಟೆಯನ್ನು ಅವನ ಕೈಗೆ ಕೊಟ್ಟು, "ಅನ್ನ ಆರಿಹೋಗುತ್ತೆ, ತಿನ್ನಿ" ಎಂದಳು.

ಮರುದಿನದಿಂದ ತಾತ ಮತ್ತೆ ಶಿಷ್ಯನಾದ. ವಾರಕ್ಕೆ ಎರಡು ಸಲ ಡಾಕ್ಟರಮ್ಮ ಆಸ್ಪತ್ರೆ ಮುಗಿಸಿಕೊಂಡು ಬಂದು ಹೋಗುತ್ತಿದ್ದಳು. ಬಾಯಿಗೆ ಏನೂ ಇಲ್ಲ, ತಲೆಗೆ ಮೆತ್ತನೆಯ ಮೂಗುಪಟ್ಟಿ ಮಾತ್ರ. ಹಗ್ಗವನ್ನು ಒಂದು ಚೂರು ಮುಂದಕ್ಕೆ ಹಿಡಿಯುವುದು. ಬೂದಕ್ಕ ಒಂದು ಹೆಜ್ಜೆ ಇಟ್ಟ ತಕ್ಷಣ ಸಡಿಲ ಬಿಡುವುದು, ಉಬ್ಬಿನಲ್ಲಿ ಕೆರೆಯುವುದು. "ನಿಲ್ಲು" ಎನ್ನುವುದು, ನಿಂತ ತಕ್ಷಣ ಬಿಡುವುದು. ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ಅದಕ್ಕಿಂತ ಹೆಚ್ಚಿಲ್ಲ.

ಮೊದಮೊದಲು ತಾತನಿಗೆ ಸುಲಭವಾಗಲಿಲ್ಲ. ಕುದುರೆ ತಡಮಾಡಿದರೆ ಕೈ ತಾನಾಗಿ ಚಾವಟಿ ಹುಡುಕುತ್ತಿತ್ತು. ನಾಲ್ಕನೆಯ ದಿನ ಸಿಟ್ಟಿನಲ್ಲಿ ಹಗ್ಗ ಜಗ್ಗಿಯೂಬಿಟ್ಟ. ಬೂದಕ್ಕ ಗೋಡೆಗೆ ಹೋಗಿ ಅಂಟಿಕೊಂಡಿತು. ಅಂದಿನ ಪಾಠ ಅಲ್ಲಿಗೇ ಮುಗಿಯಿತು, ಮರುದಿನದ್ದೂ ಕೆಟ್ಟಿತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದ ಗೇಟಿನಾಚೆಯಿಂದ ಲಾಳದವನು.

"ಕುದುರೆಗೆ ಹೇಳ್ತಿದ್ದೀಯಾ, ನಮ್ಮನೆಯವರಿಗಾ?" ಎಂದಳು ಅಜ್ಜಿ.

ತಾತನೇ ಮೊದಲು ನಕ್ಕ.

ಒಂಬತ್ತನೆಯ ದಿನ ಒಂದು ಸಣ್ಣ ಸಂಗತಿ ನಡೆಯಿತು. ತಾತ ಹಗ್ಗವಿಲ್ಲದೆ ಬರಿಗೈಯಲ್ಲಿ ಅಂಗಳ ದಾಟಿ ಕೊಳಾಯಿಯ ಕಡೆ ಹೋಗುತ್ತಿದ್ದ. ಹಿಂದೆ ಗೊರಸಿನ ಸದ್ದು. ತಿರುಗಿ ನೋಡಿದರೆ ಬೂದಕ್ಕ. ಯಾರೂ ಕರೆದಿರಲಿಲ್ಲ. ತಾತ ನಿಂತ, ಅದೂ ನಿಂತಿತು. ತಾತ ನಡೆದ, ಅದೂ ನಡೆಯಿತು. ನಲವತ್ತು ವರ್ಷದಲ್ಲಿ ಅವನ ಹಿಂದೆ ಬಂದ ಕುದುರೆಗಳೆಲ್ಲ ಹಗ್ಗದ ಬಲಕ್ಕೆ ಬಂದವು. ತಾನಾಗಿ ಬಂದದ್ದು ಇದೊಂದೇ. ತಾತ ಕೊಳಾಯಿ ತಿರುಗಿಸುವುದನ್ನು ಮರೆತು ಹಾಗೇ ನಿಂತುಬಿಟ್ಟ.

ಹುಣ್ಣು ಮಾಯಿತು. ಡಾಕ್ಟರಮ್ಮ ಬಾಯಿ ನೋಡಿ ಒಪ್ಪಿದ ಮೇಲೆ ನುಣುಪಾದ ದಪ್ಪ ಕಡಿವಾಣ ಹಾಕಿದರು. ಮೊದಲು ಖಾಲಿ ಮೂಕಿ ಎಳೆಸಿದರು, ಆಮೇಲೆ ಖಾಲಿ ಗಾಡಿ, ಆಮೇಲೆ ನಾಲ್ಕು ಕ್ರೇಟು. ತಿಂಗಳು ಮುಗಿಯಲು ಇನ್ನೂ ಎರಡು ದಿನ ಇರುವಾಗ ಸೊಸೆ ಬೂದಕ್ಕನನ್ನು ಹೂಡಿಕೊಂಡು ಮಂಡಿಗೆ ಹೋದಳು. ಮಂಡಿಯವರು ಗಾಡಿಯನ್ನು ಒಮ್ಮೆ, ಕುದುರೆಯನ್ನು ಒಮ್ಮೆ ನೋಡಿ, "ನಾಳೆಯಿಂದ ಬಾಮ್ಮ" ಎಂದರು.

ಇದೆಲ್ಲ ಆಗಿ ಎರಡು ತಿಂಗಳಿಗೆ ಆ ಬೆಳಗು ಬಂತು.

ಸೊಸೆ ಇಪ್ಪತ್ತು ಕ್ರೇಟು ಹೇರಿಕೊಂಡು ಮೇಲಿನ ಓಣಿಗಳ ಒಂದು ಇಳಿಜಾರಿನಲ್ಲಿ ಗಾಡಿ ಇಳಿಸುತ್ತಿದ್ದಳು. ಲಗಾಮು ತಾತ ಚಕ್ರದ ಪಕ್ಕ ನಡೆಯುತ್ತಿದ್ದ. ಚರಂಡಿಯ ಮೇಲಿನ ಕಲ್ಲುಚಪ್ಪಡಿ ಒಂದು ಕಡೆ ಸಡಿಲವಾಗಿತ್ತು. ಚಕ್ರ ಅದರ ಮೇಲೆ ಹತ್ತಿದ್ದೇ ತಡ, ಚಪ್ಪಡಿ ಮಗುಚಿತು. ಚಕ್ರ ಚರಂಡಿಗಿಳಿದು ಗಾಡಿ ವಾಲಿತು. ಮೇಲಿನ ಕ್ರೇಟುಗಳು ದಡದಡ ಉರುಳಿ ಬೂದಕ್ಕನ ಹಿಂಗಾಲುಗಳ ಸುತ್ತ ಬಿದ್ದವು. ತಪ್ಪಿಸಿಕೊಳ್ಳಲು ಹೋದ ತಾತನ ಕಾಲು ಚಕ್ರಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು.

ತಾತನಿಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಕುದುರೆ ಒಂದೇ ಒಂದು ಹೆಜ್ಜೆ ಮುಂದಿಟ್ಟರೆ ಕಾಲು ಪುಡಿ. ಹೆದರಿ ಓಡಿದರೆ ತನ್ನ ಕಥೆಯೇ ಮುಗಿಯಿತು.

"ನಿಲ್ಲು" ಎಂದಳು ಸೊಸೆ. ಕಿರುಚಲಿಲ್ಲ. ದಿನಾ ಅಂಗಳದಲ್ಲಿ ಹೇಳುವ ಹಾಗೇ ಹೇಳಿದಳು. ಲಗಾಮನ್ನು ಎಳೆಯದೆ ಸಡಿಲ ಬಿಟ್ಟು, ಗಾಡಿಯಿಂದ ಜಿಗಿದು, ಕುದುರೆಯ ಕತ್ತಿನ ಪಕ್ಕ ಬಂದು ನಿಂತಳು. ಕೈಯನ್ನು ಉಬ್ಬಿನ ಮೇಲಿಟ್ಟಳು.

ಬೂದಕ್ಕ ನಿಂತಿತು.

ಮೈ ನಡುಗುತ್ತಿತ್ತು. ಮೂಗಿನ ಹೊಳ್ಳೆ ಅಗಲವಾಗಿದ್ದವು. ಹೆದರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದರ ಒಂದು ಕಿವಿ ಸೊಸೆಯ ಕಡೆ ತಿರುಗಿತ್ತು. ಗೋಡೆಗೆ ಆನಿಕೊಂಡಿದ್ದ ತಾತ ಆ ಕಿವಿಯನ್ನೇ ನೋಡುತ್ತಿದ್ದ. ಅದು ಸೋತು ಜೋತುಬಿದ್ದ ಕಿವಿಯಲ್ಲ. ಮುಂದೇನು ಮಾಡಲಿ, ಹೇಳು ಎಂದು ಕೇಳುವ ಕಿವಿ.

ಅಂಗಡಿಗಳಿಂದ ಜನ ಓಡಿಬಂದರು. ಕೂಗಬೇಡಿ ಎಂದು ಸೊಸೆ ಕೈಸನ್ನೆ ಮಾಡಿದಳು. ಆರು ಜನ ಸೇರಿ ಗಾಡಿ ಎತ್ತಿ ತಾತನನ್ನು ಹೊರಗೆಳೆಯುವ ತನಕ, ಏಳೆಂಟು ನಿಮಿಷ, ಬೂದಕ್ಕ ಗೊರಸು ಕದಲಿಸಲಿಲ್ಲ.

ಮೂಳೆ ಮುರಿದಿರಲಿಲ್ಲ. ಮೊಣಕಾಲಿನಿಂದ ಕೆಳಗೆ ಎಲ್ಲ ಕಪ್ಪುನೀಲಿ. ವಾರ ಮಲಗಿರಬೇಕು ಎಂದರು ಆಸ್ಪತ್ರೆಯಲ್ಲಿ. ತಾತ ಮಲಗಿದ್ದು ಎರಡೇ ದಿನ. ಮೂರನೆಯ ದಿನ ಅಜ್ಜಿಯ ಭುಜ ಹಿಡಿದುಕೊಂಡು ಕುಂಟುತ್ತ ಲಾಯಕ್ಕೆ ಹೋದ. ಕುದುರೆಯ ಕತ್ತಿಗೆ ಹಣೆ ಆನಿಸಿ ಬಹಳ ಹೊತ್ತು ನಿಂತ.

"ನಿನ್ನ ಋಣ ತೀರಿಸೋಕಾಗಲ್ಲ ಕಣಮ್ಮ" ಎಂದ. "ನೀರು ಕಿತ್ಕೊಂಡವನು ನಾನು. ಕಾಲು ಕಟ್ಟಿದವನು ನಾನು. ನೀನು ನನ್ನ ಕಾಲು ಉಳಿಸ್ದೆ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟಾದರೂ ಬಿಡಲಿಲ್ಲ. "ನಲವತ್ತೈದು ವರ್ಷದಿಂದ ನಿಮ್ಮ ಜೊತೆ ಬಾಳ್ತಿದ್ದೀನಿ. ನನಗೆ ಒಂದು ದಿನ ಈ ಮಾತು ಹೇಳಿಲ್ಲ."

"ನಿನಗೂ ಹೇಳ್ತೀನಿ ಮಾರಾಯ್ತಿ, ಸರದಿ ಪ್ರಕಾರ" ಎಂದ ತಾತ. ಹೇಳಿಯೂ ಹೇಳಿದ. ಅವಳಿಗೆ, ಸೊಸೆಗೆ, ಸಂಜೆ ಕಾಲು ನೋಡಲು ಬಂದ ಡಾಕ್ಟರಮ್ಮನಿಗೆ. ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು, "ಅವತ್ತು ನೀವು ನನಗೆ ಬೈದಿದ್ರೆ ನಾನು ಕೇಳ್ತಿರಲಿಲ್ಲ. ಕೇಳಿಸಿದ್ರಿ ನೋಡಿ, ಅದಕ್ಕೇ ಕೇಳ್ದೆ" ಎಂದ.

"ಎಲ್ಲಾ ಕುದುರೆಯೂ ಹೀಗೆ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ ತಾತ" ಎಂದಳು ಡಾಕ್ಟರಮ್ಮ. "ಬೆಚ್ಚಿದ ಕುದುರೆ ಬೆಚ್ಚಿದ ಕುದುರೇನೇ. ಆದ್ರೆ ಹೆದರಿದಾಗ ಅದು ನಮ್ಮಿಂದ ದೂರ ಓಡಬೇಕಾ, ನಮ್ಮ ಕಡೆ ನೋಡಬೇಕಾ ಅನ್ನೋದು ನಾವು ಕಲಿಸಿದ ರೀತಿ ಮೇಲಿರುತ್ತೆ."

ಮುಂದಿನ ವಾರ ಲಾಳದವನು ಬಂದ. ಈ ಸಲ ಗೇಟಿಗೆ ಒರಗಲಿಲ್ಲ, ಒಳಗೇ ಬಂದು ತಾತನ ಪಕ್ಕ ಕೂತ.

"ಲಗಾಮಣ್ಣ, ಇಟ್ಟಿಗೆ ಗೂಡಿನವರದ್ದೊಂದು ಗಂಡು ಕುದುರೆ ಇದೆ. ಹಠ ಅಂದ್ರೆ ಹಠ. ನೆಲಕ್ಕೆ ಕೆಡವಿ ಕೊಡು ಅಂತ ನಿನ್ನ ಹೆಸರು ಹೇಳ್ಕೊಂಡು ಬಂದಿದ್ದಾರೆ. ಏನು ಹೇಳ್ಲಿ?"

"ಕೆಡವೋ ಕೆಲಸ ಬಿಟ್ಟಿದ್ದೀನಿ ಅಂತ ಹೇಳು" ಎಂದ ತಾತ.

"ಹಾಗಾದ್ರೆ ಅವರನ್ನ ವಾಪಸ್ ಕಳಿಸಿಬಿಡ್ಲಾ?"

"ಕಳಿಸ್ಬೇಡ. ನಾನು ಕಳಿಸಿದ್ರೆ ಕೆಡವೋಕೆ ಇನ್ನೊಬ್ಬ ಸಿಗ್ತಾನೆ." ತಾತ ಕೋಲು ಊರಿ ಎದ್ದ. "ನಡಿ, ನಾನೇ ಬರ್ತೀನಿ. ಡಾಕ್ಟರಮ್ಮನಿಗೂ ಒಂದು ಮಾತು ಹೇಳಿ ಹೋಗೋಣ. ಮೊದಲು ಅದರ ಬಾಯಿ ನೋಡೋಣ. ಬೆನ್ನು ನೋಡೋಣ, ಗೊರಸು ನೀನು ನೋಡು. ಹಠ ಯಾಕೆ ಅಂತ ಅದನ್ನೇ ಕೇಳೋಣ."

ಇಬ್ಬರು ಮುದುಕರೂ ಮಾತಾಡುತ್ತ ಬೀದಿಗಿಳಿದರು. ಒಬ್ಬ ಕುಂಟುತ್ತಿದ್ದ, ಇನ್ನೊಬ್ಬ ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕುದುರೆ ಇರಬಹುದು. ಗಾಡಿಯದ್ದೋ, ಸವಾರಿಯದ್ದೋ, ಹೊರೆ ಹೊರುವುದೋ. ಅದು ಹಠ ಮಾಡಿದರೆ ಚಾವಟಿ ಹುಡುಕುವ ಮೊದಲು ನೋವು ಎಲ್ಲಿದೆ ಎಂದು ಹುಡುಕಿ. ಅಗಿದ ಹುಲ್ಲನ್ನು ಉಗಿಯುತ್ತಿದ್ದರೆ, ತಲೆ ಎತ್ತಿ ಹಿಂದೆ ಸರಿಯುತ್ತಿದ್ದರೆ, ಬೆನ್ನು ಮುಟ್ಟಿದರೆ ಬೆಚ್ಚಿದರೆ, ಪಶುವೈದ್ಯರಿಗೆ ತೋರಿಸಿ. ವರ್ಷಕ್ಕೊಮ್ಮೆಯಾದರೂ ಹಲ್ಲು ನೋಡಿಸಿ. ಪಳಗಿಸುತ್ತೇವೆಂದು ನೀರು, ಮೇವು ಕಿತ್ತುಕೊಳ್ಳಬೇಡಿ. ಕಾಲು ಕಟ್ಟಿ ಕೆಡವಬೇಡಿ, ಅದಕ್ಕಾಗಿ ಬೇರೆಯವರ ಕೈಗೂ ಕೊಡಬೇಡಿ. ಬಾಯಿ ಕೊರೆಯುವ ತಂತಿ ಕಡಿವಾಣ ಮನೆಯಲ್ಲಿದ್ದರೆ ಇವತ್ತೇ ಗುಜರಿಗೆ ಹಾಕಿ. ಸ್ವಲ್ಪ ಸ್ವಲ್ಪ ಕಲಿಸಿ, ಹೇಳಿದ್ದು ಮಾಡಿದ ತಕ್ಷಣ ಹಗ್ಗ ಸಡಿಲ ಬಿಡಿ. ತಡವಾದೀತು, ಆಗಲಿ. ಆ ತಡ ನಷ್ಟವಲ್ಲ.

ಕುದುರೆ ಇಲ್ಲದವರು ಪಕ್ಕದ ಮನೆಯವರಿಗೆ ಇದನ್ನು ಓದಿ ಹೇಳಿ. ಬೈಯಬೇಡಿ, ಜೊತೆಗೆ ಹೋಗಿ ಡಾಕ್ಟರನ್ನು ಕರೆತನ್ನಿ. ನಮ್ಮ ಹೊರೆ ಹೊತ್ತು ನಮ್ಮ ಮನೆ ನಡೆಸುವ ಜೀವ ಅದು. ಅದಕ್ಕೆ ನಾವು ಕೃತಜ್ಞತೆ ಹೇಳುವುದು ಬಾಯಿಂದಲ್ಲ, ಹಗ್ಗ ಹಿಡಿದ ಕೈಯಿಂದ. ಇವತ್ತು ಸಂಜೆ ಲಾಯಕ್ಕೆ ಹೋದಾಗ ಒಂದು ನಿಮಿಷ ಅದರ ಎದೆಗೆ ಕಿವಿಗೊಟ್ಟು ನಿಲ್ಲಿ. ಅದು ಹೇಳುವುದನ್ನು ಪೂರ್ತಿ ಕೇಳಿದ ಮೇಲೆಯೇ ಹಗ್ಗ ಮುಟ್ಟಿ.